ಬೆಂಚು ಮಾಡಿದವನ ಸಹಿ

ಪೊರಕೆಗೆ ಕೆಂಪು ರಿಬ್ಬನ್ನು ಕಟ್ಟಿ ಅವನ ಮೇಜಿಗೆ ಒರಗಿಸಿಟ್ಟದ್ದು ಮುರೀಲೊ. ಬೇರೆ ಯಾರಿಗೆ ಅಂಥ ಬುದ್ಧಿ ಬರುತ್ತದೆ! ಅವತ್ತು ಲಾದಿಸ್ಲಾವ್ ಕುಚೇರನ ಹುಟ್ಟುಹಬ್ಬ. ಐವತ್ತು ದಾಟಿದ ಮನುಷ್ಯ ತುಂತುರಿನಲ್ಲಿ ತೊಯ್ದ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ತಿರುಗಿ ನೋಡಿದರೆ ಪೊರಕೆ. ಹುಡುಗರೆಲ್ಲ ಪರದೆಗಳ ಹಿಂದೆ ತಲೆ ತಗ್ಗಿಸಿಕೊಂಡು ಕಿಸಿಕಿಸಿ ನಗುತ್ತಿದ್ದರು. ಅವನು ಪೊರಕೆ ಎತ್ತಿಕೊಂಡ. ರಿಬ್ಬನ್ನು ಬಿಚ್ಚಿ, ಮಡಚಿ, ಜೇಬಿಗೆ ಹಾಕಿಕೊಂಡ. ಆಮೇಲೆ ತನ್ನ ಮೇಜಿನ ಕೆಳಗೆ ಬಿದ್ದಿದ್ದ ಬ್ರೆಡ್ಡಿನ ಪುಡಿಯನ್ನು ಗುಡಿಸಿದ. ಪಕ್ಕದ ಮೇಜಿನ ಕೆಳಗೂ ಗುಡಿಸಿದ. ಅದು ಮುರೀಲೊನ ಮೇಜು.

"ನೋಡ್ರೋ, ಮೇಷ್ಟ್ರು ಕೆಲಸಕ್ಕೆ ಇಳಿದ್ರು!" ಎಂದ ಮುರೀಲೊ. ಇಡೀ ಕೋಣೆ ಗೊಳ್ಳೆಂದಿತು.

ನನ್ನ ಹೆಸರು ಇರಾಸಿ. ಆ ಆಫೀಸಿನಲ್ಲಿ ನನ್ನದು ಪರೀಕ್ಷೆಯ ಕೆಲಸ. ಇವರು ಬರೆದದ್ದನ್ನೆಲ್ಲ ಹೊಸ ಯಂತ್ರ, ಹಳೆಯ ಯಂತ್ರ, ಇವತ್ತೋ ನಾಳೆಯೋ ಎನ್ನುವಂಥ ಯಂತ್ರ, ಎಲ್ಲದರ ಮೇಲೂ ಓಡಿಸಿ ಎಲ್ಲಿ ಮುಗ್ಗರಿಸುತ್ತದೆಂದು ನೋಡಬೇಕು. ಈ ಹೆಂಗಸಿನ ಬಾಯಿ ಜೋರು ಎಂದು ನಮ್ಮ ಕುರಿತೀಬ ಊರಿನ ಕಂಪ್ಯೂಟರ್ ಮಂದಿಗೆಲ್ಲ ಗೊತ್ತು, ನಾನೂ ಇಲ್ಲವೆನ್ನುವುದಿಲ್ಲ. ಅವತ್ತು ಮಾತ್ರ ಸುಮ್ಮನಿದ್ದೆ. ನಗು ನನಗೂ ಬಂದಿತ್ತು ಎಂದರೆ ನಂಬುತ್ತೀರಾ? ಅಷ್ಟು ಶ್ರದ್ಧೆಯಿಂದ ಗುಡಿಸಿದ, ಪುಣ್ಯಾತ್ಮ.

ಆಫೀಸು ಅಹೂ ಬಡಾವಣೆಯ ಒಂದು ಬೇಕರಿಯ ಮೇಲಿತ್ತು. ಕೆಳಗಿನಿಂದ ಚೀಸ್ ಬನ್ನಿನ ಘಮ, ಮೇಲೆ ಹೀಟರು ಕೆಟ್ಟ ಕೋಣೆ. ನಾವು ಮಾಡುತ್ತಿದ್ದದ್ದು ಕರ್ನೆಲ್ ಕೆಲಸ. ಕಂಪ್ಯೂಟರಿನಲ್ಲಿ ನಿಮಗೆ ಕಾಣುವ ಪ್ರೋಗ್ರಾಮುಗಳೆಲ್ಲ ಮೇಲಿನವು. ಎಲ್ಲಕ್ಕೂ ಕೆಳಗೆ ಕೂತು, ಯಾರಿಗೆ ಎಷ್ಟು ಮೆಮೊರಿ ಎಂದು ಹಂಚಿ, ಮುಗಿದ ಮೇಲೆ ವಾಪಸು ಪಡೆಯುವುದು ಕರ್ನೆಲ್. ಅದು ಯಾವ ಒಬ್ಬ ಸಾಹುಕಾರನ ಸೊತ್ತೂ ಅಲ್ಲ. ಲೋಕದ ಮೂಲೆಮೂಲೆಯವರು ಸೇರಿ ಬರೆಯುತ್ತಾರೆ, ಎಲ್ಲರೂ ಓದಬಹುದಾದ ಮೇಲ್‌ಗಳಲ್ಲಿ ಕಚ್ಚಾಡಿಕೊಂಡು. ನಮ್ಮ ಆಫೀಸಿನ ಯಜಮಾನ ಒಸ್ನಿಗೆ ಫೋನು ತಯಾರಿಸುವ ಒಂದು ದೊಡ್ಡ ಕಂಪನಿ ಗಿರಾಕಿ. ಆ ಕಂಪನಿಗೆ ಬೇಕಾದದ್ದನ್ನು ಕರ್ನೆಲ್‌ಗೆ ಸೇರಿಸುವುದು ನಮ್ಮ ಹೊಟ್ಟೆಪಾಡು.

ಲಾದಿಸ್ಲಾವ್ ಏನು ಮಾಡುತ್ತಿದ್ದ ಎನ್ನುವುದು ನನಗೆ ಸರಿಯಾಗಿ ತಿಳಿದದ್ದು ಆಫೀಸಿನಲ್ಲಲ್ಲ, ಸಾಂತಾ ಕಾಂದಿದಾ ಬಡಾವಣೆಯಲ್ಲಿ ಅವನ ಮಂದಿಯ ಇಗರ್ಜಿಯ ಊಟದ ಮನೆಯಲ್ಲಿ. ಪೋಲಿಷ್ ಮಂದಿಯ ಭಾನುವಾರದ ಊಟ, ಆಲೂಗಡ್ಡೆ ತುಂಬಿದ ಕಡುಬು, ಮೇಲೆ ಹುರಿದ ಈರುಳ್ಳಿ. ಅವನ ಅಕ್ಕ ಹೆಲೆನಾ ನನ್ನನ್ನು ಕರೆದಿದ್ದಳು. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿದ್ದವರು. ತಟ್ಟೆಗೆ ಬಡಿಸುತ್ತ ಅವಳು ತಮ್ಮನನ್ನು ಕೇಳಿದಳು:

"ಪಾದ್ರಿಗಳು ಕೇಳಿದ್ರೆ ಏನಂತ ಹೇಳ್ಲೋ? ನನ್ನ ತಮ್ಮ ಏನ್ ಮಾಡ್ತಾನೆ ಅಂತ?"

"ಈ ಕುರ್ಚಿಗಳನ್ನ ನೋಡು," ಎಂದ ಅವನು ನಿಧಾನವಾಗಿ. "ಈಗ ಕರ್ನೆಲ್‌ನಲ್ಲಿ ಮೆಮೊರಿಯ ಒಂದೊಂದು ತುಂಡೂ ಇಂಥ ಒಂದು ಕುರ್ಚಿ, ಒಂದೊಂದಕ್ಕೂ ಒಂದೊಂದು ಚೀಟಿ. ನೊವಾಕ್ ಮನೆಯವರು ಹದಿನಾರು ಜನ ಬಂದ್ರೆ ಹದಿನಾರು ಚೀಟಿ ಬರೀಬೇಕು, ಹದಿನಾರು ಸಲ ಎಣಿಸ್ಬೇಕು. ಚೀಟಿ ಬರೆಯೋದ್ರಲ್ಲೇ ಹೊತ್ತು ಹೋದ್ರೆ ಬಡಿಸೋರು ಯಾರು? ನಾನು ಬೆಂಚು ಮಾಡ್ತಿದೀನಿ. ಒಂದು ಬೆಂಚು, ಒಂದೇ ಚೀಟಿ."

"ಅಯ್ಯೋ, ಇಷ್ಟಕ್ಕೆ ಹತ್ತು ವರ್ಷ ಬೇಕಾ?"

"ಊಟ ನಡೀತಿರುವಾಗ್ಲೇ ಬದಲಾಯಿಸ್ಬೇಕಲ್ಲ, ಹೆಲೆನಾ. ಒಬ್ಬರನ್ನೂ ಏಳಿಸೋ ಹಾಗಿಲ್ಲ." ಕಡುಬು ತಣ್ಣಗಾಗುತ್ತಿದ್ದರೂ ಅವನು ಮಾತು ಮುಗಿಸದೆ ತಿನ್ನುವವನಲ್ಲ. "ಇನ್ನೊಂದು ಇದೆ. ಕುರ್ಚಿ ಮಡಚೋನಿಗೆ ಹಳೇ ಅಭ್ಯಾಸ. ತುದೀಲಿ ಒಬ್ಬ ಎದ್ದ ಅಂದ್ರೆ ಮಡಚಿಬಿಡ್ತಾನೆ. ಬೆಂಚಿಗೂ ಹಾಗೇ ಮಾಡಿದ್ರೆ ಉಳಿದ ಹದಿನೈದು ಜನ ನೆಲಕ್ಕೆ ಬೀಳ್ತಾರೆ."

ಹೆಲೆನಾ ನಕ್ಕಳು. "ಬಡಗಿ ಅಂತ ಹೇಳ್ತೀನಿ ಬಿಡು," ಎಂದಳು.

ಬಡಗಿಯಾದರೂ ಆಗಿದ್ದರೆ ಚೆನ್ನಾಗಿತ್ತು. ಕಂಪ್ಯೂಟರ್ ಭಾಷೆಯಲ್ಲಿ ಅವನ ಬೆಂಚಿಗೆ ಬೇರೆ ಹೆಸರಿದೆ, ನಾನು ಬೆಂಚು ಎಂದೇ ಹೇಳುತ್ತೇನೆ. ಈ ಕರ್ನೆಲ್ ಮಂದಿಯ ಕಟ್ಟಳೆ ಕೇಳಿ: ಎಷ್ಟೇ ದೊಡ್ಡ ಕೆಲಸವಾಗಲಿ, ಒಟ್ಟಿಗೆ ತಂದು ಸುರಿಯುವಂತಿಲ್ಲ. ಚೂರುಚೂರು ಮಾಡಿ, ಒಂದೊಂದು ಪ್ಯಾಚ್ ಆಗಿ ಕಳಿಸಬೇಕು, ಒಂದೊಂದೂ ತನ್ನಷ್ಟಕ್ಕೆ ಸರಿಯಿರಬೇಕು. ಬೆಂಚನ್ನು ಒಳಗೆ ತರಬೇಕಾದರೆ ಮೊದಲು ಕುರ್ಚಿ ಕುರ್ಚಿ ಎಂದು ಎಣಿಸುವ ಹಳೆಯ ಸಾಲುಗಳನ್ನೆಲ್ಲ ಹುಡುಕಿ ತಿದ್ದಬೇಕು. ಲಾದಿಸ್ಲಾವ್ ವರ್ಷಗಟ್ಟಲೆ ಅದನ್ನೇ ಮಾಡಿದ. ಇಲ್ಲಿ ಒಂದು ಹೆಸರು ಬದಲು, ಅಲ್ಲಿ ಎರಡು ಸಾಲು ತೆಗೆದದ್ದು. ಅವನ ಪ್ಯಾಚ್‌ಗಳಿಂದ ಏನೂ ವೇಗವಾಗುತ್ತಿರಲಿಲ್ಲ, ಹೊಸದೇನೂ ಕಾಣುತ್ತಿರಲಿಲ್ಲ. ಪೊರಕೆ ಬಂದದ್ದು ಅದಕ್ಕೇ.

ಇನ್ನು ಮುರೀಲೊ. ಮೂವತ್ತರ ಒಳಗಿನ ಹುಡುಗ, ಒಳ್ಳೆಯ ಹಲ್ಲು, ಒಳ್ಳೆಯ ಮಾತು. ದಡ್ಡನಲ್ಲ, ಅದನ್ನು ಹೇಳಿಬಿಡಬೇಕು. ಆದರೆ ಬೇರೆಯವರನ್ನು ಚಿವುಟಿ ಅವರು ಮುಖ ಕಿವುಚುವುದನ್ನು ನೋಡಿದರೇ ಅವನಿಗೆ ತಿಂದದ್ದು ಅರಗುವುದು. ಲಾದಿಸ್ಲಾವ್ ಮಾತು ಶುರು ಮಾಡಿದ ಕೂಡಲೇ ಇವನು ಎದ್ದು ಕಾಫಿ ಯಂತ್ರದ ಗುಂಡಿ ಒತ್ತುತ್ತಿದ್ದ. ವಾಕ್ಯ ಮೊದಲು ಮುಗಿಯುತ್ತದೋ ಲೋಟ ಮೊದಲು ತುಂಬುತ್ತದೋ ಎಂದು ಹುಡುಗರು ಪಂದ್ಯ ಕಟ್ಟುತ್ತಿದ್ದರು. ಲೋಟವೇ ಗೆಲ್ಲುತ್ತಿತ್ತು. ಲಾದಿಸ್ಲಾವ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ವಾಕ್ಯ ಮುಗಿಸುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಅವನನ್ನು ಅಲುಗಿಸುವವರಿರಲಿಲ್ಲ. ಯಾರದೇ ಪ್ಯಾಚ್ ಬರಲಿ, ಅದನ್ನು ಓದಿ ಸರಿಯೆಂದು ಕಂಡವರು ಕೆಳಗೆ ತಮ್ಮ ಹೆಸರು ಹಾಕುವುದು ಈ ಮಂದಿಯ ಪದ್ಧತಿ: 'ಓದಿದ್ದೇನೆ, ಸರಿಯಿದೆ.' ಅರ್ಧಕ್ಕರ್ಧ ಜನ ಓದದೆಯೇ ಹಾಕುತ್ತಾರೆ, ನೆಂಟಸ್ತಿಕೆಗೆ ಮುಯ್ಯಿ ಮಾಡಿದ ಹಾಗೆ. ಲಾದಿಸ್ಲಾವ್ ಪ್ಯಾಚ್ ಓದಿ, ಅದರ ಹಿಂದುಮುಂದಿನ ಹಾಳೆ ಓದಿ, ಅದು ಮುಟ್ಟದ ಭಾಗವನ್ನೂ ಓದಿ ಆಮೇಲೆ ಸಹಿ ಹಾಕುತ್ತಿದ್ದ. ಕರ್ನೆಲ್‌ನ ಒಂದೊಂದು ಭಾಗಕ್ಕೂ ಒಬ್ಬ ಪಾಲಕ ಇರುತ್ತಾನೆ, ಅವನ ಹೆಸರು ಕರ್ನೆಲ್ ಒಳಗೇ ಬರೆದಿರುತ್ತದೆ. ನಮ್ಮ ಭಾಗದ ಹಳೆಯ ಪಾಲಕ ಎಲ್ಲೋ ಯುರೋಪಿನ ಉತ್ತರದಲ್ಲಿದ್ದ ಮುದುಕ. ನಾವು ಯಾರೂ ಮುಖ ಕಂಡವರಲ್ಲ. ಅವನು ಮೇಲ್‌ಗಳಲ್ಲಿ ಕೇಳುತ್ತಿದ್ದದ್ದು ಒಂದೇ: "ಕುಚೇರ ಓದಿದ್ದಾರೆಯೇ? ಹಾಗಾದರೆ ನಾನು ಓದಬೇಕಿಲ್ಲ."

ಚಳಿಗಾಲ ಶುರುವಾದ ಮೇಲೆ ಒಂದು ಶುಕ್ರವಾರ ಒಸ್ನಿ ಎಲ್ಲರನ್ನೂ ಊಟಕ್ಕೆ ಕರೆದೊಯ್ದ. ಕಪ್ಪು ಬ್ರೆಡ್ಡಿನ ಮೇಲೆ ಹಸಿ ಮಾಂಸದ ಕೊಚ್ಚು, ಈರುಳ್ಳಿ, ಬಿಯರು. ಹೊಟ್ಟೆ ತುಂಬಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಹಳೇ ಪಾಲಕರು ಈ ವರ್ಷ ಬಿಡ್ತಾರಂತೆ. ಬೆಂಚಿನ ಭಾಗಕ್ಕೆ ನಮ್ಮಲ್ಲೇ ಒಬ್ಬರ ಹೆಸರು ಹಾಕ್ತೀನಿ ಅಂದಿದಾರೆ. ಗಿರಾಕಿ ಏನಂತಾರೆ ಗೊತ್ತಾ? ಯಾರ ಹೆಸರು ಬರುತ್ತೋ ಅವರೊಬ್ಬರ ಸಂಬಳ ಮಾತ್ರ ಮುಂದೆ ಕೊಡ್ತಾರಂತೆ. ಮೆಮೊರಿ ಕೆಲಸಕ್ಕೆ ಎರಡನೇ ಕುರ್ಚಿ ಇಲ್ಲ."

ಮೆಮೊರಿಯ ಮೇಲೆ ಕೆಲಸ ಮಾಡುತ್ತಿದ್ದವರು ಇಬ್ಬರೇ. ಮುರೀಲೊ ನಗುತ್ತ ಲಾದಿಸ್ಲಾವ್ ಕಡೆ ಬಿಯರಿನ ಗ್ಲಾಸು ಎತ್ತಿದ. ಲಾದಿಸ್ಲಾವ್ ಬ್ರೆಡ್ಡನ್ನು ತಟ್ಟೆಗೆ ವಾಪಸು ಇಟ್ಟ. ಆಫೀಸಿನ ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದು ನಿಲ್ಲಿಸಿದ.

"ಅದು ನನಗೆ ಬೇಕು, ಇರಾಸಿ."

"ಸಂಬಳಾನಾ?"

"ಸಂಬಳಾನೂ ಬೇಕು. ಹೆಸರು... ಅಲ್ಲಿ ನನ್ನ ಹೆಸರು ಇರ್ಬೇಕು."

ಅಷ್ಟು ವರ್ಷದಲ್ಲಿ ಅವನ ಬಾಯಲ್ಲಿ 'ಬೇಕು' ಎನ್ನುವ ಮಾತು ಕೇಳಿದ್ದು ಅದೇ ಮೊದಲು. "ನಿಂಗಲ್ದೆ ಇನ್ಯಾರಿಗೆ ಕೊಡ್ತಾರೋ ಪೆದ್ದ," ಎಂದು ಬೆನ್ನಿಗೆ ಗುದ್ದಿದೆ.

ಅದಾದ ಕೆಲವೇ ವಾರಕ್ಕೆ ಅವನು ಮಡಚುವ ಭಾಗದ ಪ್ಯಾಚ್ ಕಳಿಸಿದ. ಫೈಲಿನ ಬಾಲವನ್ನು ಯಾರಾದರೂ ಕತ್ತರಿಸಿದಾಗ ಅದು ಕೂತಿದ್ದ ಮೆಮೊರಿಯನ್ನು ಬಿಡಿಸಿಕೊಳ್ಳುವ ಭಾಗ ಅದು. ಅದರಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ಮಡಚುವ ಮುನ್ನ ನೋಡು, ಇದು ಬೆಂಚೇ? ಮೇಲೆ ಇನ್ನೂ ಯಾರಾದರೂ ಕೂತಿದ್ದಾರೆಯೇ? ಕೂತಿದ್ದರೆ ಮೊದಲು ಬೆಂಚನ್ನು ಕೊಯ್ದು, ಖಾಲಿಯಾದ ತುಂಡನ್ನು ಮಾತ್ರ ಮಡಚು. ಇಷ್ಟೇ.

ಮುರೀಲೊ ಲೋಕದೆದುರು ಮೇಲ್‌ನಲ್ಲಿ ಬರೆದ: 'ಇವತ್ತಿನ ಕರ್ನೆಲ್‌ನಲ್ಲಿ ಬೆಂಚೇ ಇಲ್ಲ. ಇಲ್ಲದ ಬೆಂಚನ್ನು ಹುಡುಕುವ ಸಾಲು ಯಾಕೆ? ದಯವಿಟ್ಟು ತೆಗೆಯಿರಿ.'

ತರಲೆಯಲ್ಲ ಅದು, ನಿಯಮವೇ. ಇವತ್ತು ಯಾರೂ ಬಳಸದ ಸಾಲನ್ನು ನಾಳೆಗೆ ಬೇಕಾದೀತೆಂದು ಸೇರಿಸುವಂತಿಲ್ಲ. ಬೇರೆ ಮನೆಗಳಲ್ಲಿ ಇದನ್ನು ಮುಂದಾಲೋಚನೆ ಎನ್ನುತ್ತಾರೆ, ಈ ಮನೆಯಲ್ಲಿ ಕಸ ಎನ್ನುತ್ತಾರೆ. ಹಳೆಯ ಪಾಲಕನೂ ಒಪ್ಪಿದ. 'ಮುರೀಲೊ ಹೇಳುವುದು ಸರಿ. ಬೆಂಚು ತರುವ ಕೊನೆಯ ಪ್ಯಾಚ್ ಜೊತೆಗೇ ಆ ಸಾಲು ಬರಲಿ.' ಲಾದಿಸ್ಲಾವ್ ಸಾಲು ತೆಗೆದು ಮತ್ತೆ ಕಳಿಸಿದ. ಕೊನೆಯ ಪ್ಯಾಚ್ ಕಳಿಸುವವನು ತಾನೇ ತಾನೆ ಎಂಬ ಧೈರ್ಯ ಅವನದು.

ಅಷ್ಟರಲ್ಲಿ ಹೆಲೆನಾಗೆ ಪಿತ್ತಕೋಶದ ಕಲ್ಲು, ಆಪರೇಷನ್ನು. ಆಸ್ಪತ್ರೆಯಲ್ಲಿ ಅವಳ ಜೊತೆಗಿರಲು ಇವನನ್ನು ಬಿಟ್ಟು ಯಾರಿದ್ದರು? ಒಂದು ವಾರ ರಜೆ ಹಾಕಿದ. ಹೋಗುವ ದಿನ ಮುರೀಲೊ ಮೆಟ್ಟಿಲವರೆಗೂ ಬಂದು, "ಅಕ್ಕನ್ನ ಚೆನ್ನಾಗಿ ನೋಡ್ಕೊಳ್ಳಿ ಮೇಷ್ಟ್ರೇ, ಇಲ್ಲಿ ನಾನಿದೀನಿ," ಎಂದ. ನನ್ನ ಕಿವಿಯಿಂದ ಕೇಳಿದ್ದೇನೆ.

ಆ ವಾರವೇ ಮುರೀಲೊ ಬೆಂಚು ತರುವ ಕೊನೆಯ ಪ್ಯಾಚ್ ಕಳಿಸಿಬಿಟ್ಟ, ತನ್ನ ಹೆಸರಿನಲ್ಲಿ. ಪುಟ್ಟ ಪ್ಯಾಚ್, ಅಂಗೈಯಲ್ಲಿ ಹಿಡಿಸುವಷ್ಟು. ಪುಟ್ಟದಾಗದೆ ಏನು? ನೆಲ ಗುಡಿಸಿ, ಸಾರಿಸಿ, ಮೊಳೆ ಹೊಡೆದು ಇಟ್ಟಿದ್ದವನು ಬೇರೆ. ಇವನು ಬಂದು ಕೂತ, ಅಷ್ಟೇ. ವೇಗದ ಗೆರೆ ಸರ್ರನೆ ಮೇಲೇರಿದ ಚಿತ್ರವನ್ನೂ ಅಂಟಿಸಿದ್ದ. ಲೋಕವೆಲ್ಲ ಶಹಭಾಸ್ ಎಂದಿತು. ಗಿರಾಕಿಯಿಂದ ಒಸ್ನಿಗೆ ಅಭಿನಂದನೆಯ ಫೋನು ಬಂತು. ಕೆಳಗಿನದೆಲ್ಲ ಕುಚೇರನ ಕೆಲಸ ತಾನೆ ಎಂಬ ನಂಬಿಕೆಯಲ್ಲಿ ಹಳೆಯ ಪಾಲಕ ಅದನ್ನು ಹಾಗೆಯೇ ತೆಗೆದುಕೊಂಡ. ಬಿತ್ತಿದವನೊಬ್ಬ, ಬೆಳೆದವನೊಬ್ಬ, ಮೂಟೆ ಹೊತ್ತೊಯ್ದವನು ಮತ್ತೊಬ್ಬ ಎನ್ನೋಣವೆಂದರೆ ಬಿತ್ತಿ ಬೆಳೆದವನೂ ಒಬ್ಬನೇ ಇದ್ದ.

ಲಾದಿಸ್ಲಾವ್ ವಾಪಸು ಬಂದು, ಕೋಟು ಬಿಚ್ಚದೆಯೇ ಆ ಪ್ಯಾಚ್ ಓದಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹೆಸರು ಹೋದದ್ದಕ್ಕೆ ಸಿಟ್ಟಾಗುತ್ತಾನೆ, ಒಮ್ಮೆಯಾದರೂ ಕಿರುಚುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ಒಸ್ನಿಯ ಕೋಣೆಗೆ ಹೋದ. ನಾನೂ ಹಿಂದೆಯೇ ನುಗ್ಗಿದೆ. ಒಸ್ನಿ ಮುರೀಲೊನನ್ನೂ ಕರೆಸಿದ.

"ಆ ಸಾಲು ಇಲ್ಲ," ಎಂದ ಲಾದಿಸ್ಲಾವ್. "ಬೆಂಚು ಬಂದಿದೆ. ಮಡಚೋ ಕಡೆ ನೋಡೋ ಸಾಲು ಬಂದಿಲ್ಲ. ಫೈಲ್‌ನ ನಡುವೆ ಕತ್ತರಿಸಿದ್ರೆ ಇನ್ನೂ ಡಿಸ್ಕಿಗೆ ಬರೆಯದೆ ಇರೋದೆಲ್ಲ ಹೋಗುತ್ತೆ. ನಾನು ಇವತ್ತೇ ಬರೀತೀನಿ."

"ಹೋಗುತ್ತೆ ಅಂತ ಯಾರು ನೋಡಿದಾರೆ ಮೇಷ್ಟ್ರೇ?" ಎಂದ ಮುರೀಲೊ. "ದೋನಾ ಇರಾಸಿ ಅಮ್ಮಾವ್ರ ಯಂತ್ರಗಳೆಲ್ಲ ಪಾಸ್ ಅಂದ್ವು. ನನ್ನ ಪ್ಯಾಚ್ ಸೋಲುವಂಥ ಪರೀಕ್ಷೆ ಒಂದು ತೋರ್ಸಿ, ನಾನೇ ಸಾಲು ಹಾಕ್ತೀನಿ."

"ನನ್ನ ಯಂತ್ರಗಳ ಸುದ್ದಿ ನಿನಗ್ಯಾಕೋ?" ಎಂದೆ ನಾನು. "ಇವನು ಹತ್ತು ವರ್ಷದಲ್ಲಿ ಒಂದ್ಸಲ ತಪ್ಪಿದ್ದು ತೋರ್ಸು ನೋಡೋಣ."

ಒಸ್ನಿ ಎರಡೂ ಕೈ ಎತ್ತಿದ. "ಸ್ವಲ್ಪ ತಡೀರಿ ಎಲ್ರೂ. ಗಿರಾಕಿ ಈಗ ತಾನೆ ಹೊಗಳಿದಾರೆ. ಅವರ ಜನ ಎಲ್ಲಾ ಮೇಲ್ ಓದ್ತಾರೆ. ಒಂದೇ ಆಫೀಸಿನೋರು ಬೀದೀಲಿ ಜಗಳ ಆಡಿದ್ರೆ ನನ್ನ ಮಾನ ಏನಾಗ್ಬೇಕು? ಲಾದಿಸ್ಲಾವ್, ಪರೀಕ್ಷೆ ಸೋತ್ರೆ ಬರೀರಿ. ಅಲ್ಲೀವರೆಗೆ ಹೊರಗೆ ಒಂದಕ್ಷರ ಬೇಡ."

ಅಲ್ಲೇ ಲಾದಿಸ್ಲಾವ್ ಕೆಟ್ಟದ್ದು. ಸರಿ ಎಂದುಬಿಟ್ಟ! ಯಾಕೋ ಮಾರಾಯ ಸರಿ ಎಂದೆ? ಒಂದು ಮೇಲ್, ಒಂದು ಸಾಲು, ಯಾರಪ್ಪನ ಅಪ್ಪಣೆ ಬೇಕಿತ್ತು? ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಯಜಮಾನ ಹೇಳಿದ, ನ್ಯಾಯವಾಗಿಯೇ ಹೇಳಿದ ಎಂದು ಇವನ ಲೆಕ್ಕ.

ನಾನೂ ಅವನೂ ಆ ಪ್ಯಾಚ್ ಸೋಲುವಂಥ ಪರೀಕ್ಷೆ ಹುಡುಕತೊಡಗಿದೆವು. ಸುಲಭವಲ್ಲ ಅದು. ಯಂತ್ರದಲ್ಲಿ ಬೆಂಚು ಸಿಗುವಷ್ಟು ಜಾಗವಿರಬೇಕು, ಫೈಲು ಅರ್ಧ ಬರೆದಿರಬೇಕು, ಅದೇ ಕ್ಷಣಕ್ಕೆ ಬಾಲ ಕತ್ತರಿಸಬೇಕು. ಬೇಯಿಸಿದ ಪಿನ್ಯಾಂವ್ ಕಾಯಿಯ ಸಿಪ್ಪೆ ಸುಲಿಯುತ್ತ ಯಂತ್ರಗಳ ಮುಂದೆ ಕೂತಿರುತ್ತಿದ್ದೆವು. ಇತ್ತ ಹೊಸ ಕರ್ನೆಲ್ ಲೋಕಕ್ಕೆ ಬಿಡುಗಡೆಯಾಯಿತು. ಬಂದ ದಿನವೇ ಹಾಕಿಕೊಳ್ಳುವ ಆತುರಗಾರರು ಎಲ್ಲ ದೇಶದಲ್ಲೂ ಇರುತ್ತಾರೆ.

ಒಂದು ಬೆಳಿಗ್ಗೆ ನನ್ನ ಹಳೆಯ ಯಂತ್ರವೊಂದು ಸೋತಿತು. ಫೈಲಿನ ಉದ್ದ ಸರಿಯಾಗಿತ್ತು, ಒಳಗೆ ಅರ್ಧಕ್ಕರ್ಧ ಬರೀ ಸೊನ್ನೆ. "ಸಿಕ್ತು!" ಎಂದು ಕೂಗಿದೆ. ಖುಷಿಯಿಂದ ಕೂಗಿದೆ ನೋಡಿ, ಹುಚ್ಚಿ. ಲಾದಿಸ್ಲಾವ್ ತನ್ನ ಪರದೆಯಿಂದ ತಲೆಯೆತ್ತಲಿಲ್ಲ. ಅಲ್ಲಿ ಪರಗ್ವಾಯ್‌ನ ಒಂದು ಸಣ್ಣ ರೇಡಿಯೊ ಕೇಂದ್ರದವನ ಮೇಲ್ ಇತ್ತು. ಊರಿನ ಮುದುಕರನ್ನು ಮಾತಾಡಿಸಿ ಧ್ವನಿ ಹಿಡಿದಿಟ್ಟಿದ್ದನಂತೆ, ಕೊನೆಯ ಕೆಮ್ಮು ಕತ್ತರಿಸಿ ಉಳಿಸಿದನಂತೆ, ತೆರೆದರೆ ಮೌನ. ಮಾತಾಡಿದ್ದ ಒಬ್ಬಾಕೆ ಆಗಲೇ ತೀರಿಕೊಂಡಿದ್ದಳಂತೆ. ಅದರ ಕೆಳಗೆ ಇನ್ನೊಬ್ಬರ ಮೇಲ್. ಅದರ ಕೆಳಗೆ ಮತ್ತೊಬ್ಬರದು.

"ಬಿದ್ರು," ಎಂದ ಲಾದಿಸ್ಲಾವ್. ಅಷ್ಟೇ ಹೇಳಿದ.

ಅವನು ತನ್ನ ಸಾಲನ್ನು ಬರೆದು, ಮೂರು ಯಂತ್ರದ ಮೇಲೆ ಓಡಿಸಿ ನೋಡಿ ಕಳಿಸೋಣವೆನ್ನುವಷ್ಟರಲ್ಲಿ ಮುರೀಲೊನ ಪ್ಯಾಚ್ ಹೊರಟೇಹೋಗಿತ್ತು. ಓಡಿಸಿ ನೋಡುವ ಗೋಜು ಅವನಿಗೆಲ್ಲಿ? ಸಾಲು ಅದೇ, ಅಕ್ಷರ ಅಕ್ಷರವೂ ಅದೇ. ಲಾದಿಸ್ಲಾವ್‌ನ ಹಳೆಯ ಮೇಲ್‌ನಿಂದ ಎತ್ತಿದ್ದು. ಮೇಲೆ ವಿವರಣೆ: 'ನನ್ನ ಪ್ಯಾಚ್ ಮೊದಲೇ ಅಡಗಿದ್ದ ದೋಷವೊಂದನ್ನು ಬೆಳಕಿಗೆ ತಂದಿತು.' ದೋಷ ತಿದ್ದುವ ಪ್ರತಿ ಪ್ಯಾಚ್‌ನ ಕೆಳಗೂ, ದೋಷ ಯಾವ ಪ್ಯಾಚ್‌ನಿಂದ ಬಂತು ಎಂದು ಒಂದು ಸಾಲು ಬರೆಯಬೇಕು. ಅದು ಶಾಶ್ವತ, ಕರ್ನೆಲ್ ಇರುವವರೆಗೂ ಇರುತ್ತದೆ. ಅಲ್ಲಿ ಮುರೀಲೊ ತೋರಿಸಿದ್ದು ಬೆಂಚು ತಂದ ತನ್ನ ಪ್ಯಾಚನ್ನಲ್ಲ, ಮಡಚುವ ಭಾಗದ ಲಾದಿಸ್ಲಾವ್ ಪ್ಯಾಚನ್ನು. ಯಾವುದರಿಂದ ತಾನೇ ಆ ಸಾಲನ್ನು ತೆಗೆಸಿದ್ದನೋ ಅದನ್ನು! ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ.

ಹಳೆಯ ಪಾಲಕನ ಉತ್ತರ ಕೂಡಲೇ ಬಂತು: 'ಕುಚೇರ, ನೀವು ಓದಿ ಸಹಿ ಹಾಕಿ. ಹಾಕಿದ ಕ್ಷಣ ತೆಗೆದುಕೊಳ್ಳುತ್ತೇನೆ.'

ನಾನು ಮುರೀಲೊನ ಕುರ್ಚಿಯನ್ನು ಒದ್ದೆ. "ಏನೋ ಇದು? ನಾಚಿಕೆ ಆಗಲ್ವಾ ನಿನಗೆ? ಆ ಸಾಲು ತೆಗೆಸಿದ್ದು ನೀನೇ!"

"ಪ್ಯಾಚ್ ಯಾರ ಹೆಸರಲ್ಲಿದೆ ದೋನಾ ಇರಾಸಿ? ನಾನು ಹೇಳಿದ್ರೆ ತೆಗೀಬೇಕಾ? ಅಷ್ಟು ಗೊತ್ತಿದ್ದೋರು ಹಟ ಹಿಡೀಬೇಕಿತ್ತು." ಆಮೇಲೆ ಅವನು ಲಾದಿಸ್ಲಾವ್ ಕಡೆ ತಿರುಗಿ, ಜೇನು ಸುರಿಯುವ ದನಿಯಲ್ಲಿ, "ಮೇಷ್ಟ್ರೇ, ಬೇಕಾದ್ರೆ ಆ ಹೆಸರು ಬದಲಾಯಿಸ್ತೀನಿ, ನಂಗೇನು? ನಾನಾಗ್ಲಿ ನೀವಾಗ್ಲಿ ಹೊಸದಾಗಿ ಕಳಿಸ್ಬೇಕು. ಎಲ್ರೂ ಮತ್ತೆ ಓದ್ಬೇಕು. ಪಾಲಕರು ನಾಳೆಯಿಂದ ಊರಲ್ಲಿರಲ್ಲ, ಸೋಮವಾರ ಆಗುತ್ತೆ. ನಿಮ್ಮಿಷ್ಟ," ಎಂದ.

ಲಾದಿಸ್ಲಾವ್ ಪರದೆ ನೋಡುತ್ತಿದ್ದ. ಮತ್ತೊಂದು ಮೇಲ್ ಬಂತು. ಯಾರೋ ವಿದ್ಯಾರ್ಥಿನಿ, ಬರೆದಿಟ್ಟ ಪ್ರಬಂಧದ ಅರ್ಧ ಹೋಗಿದೆಯಂತೆ, ಏನು ಮಾಡಲಿ ಎಂದು ಕೇಳಿದ್ದಳು.

"ಹಾಕ್ಬೇಡ," ಎಂದೆ ನಾನು. "ಸಾಲು ಸರಿ, ಹೆಸರು ತಪ್ಪು ಅಂತ ಬರೆದು ಕಳಿಸು. ಸೋಮವಾರ ಆದ್ರೆ ಆಗ್ಲಿ! ನಿನ್ನ ಹೆಸರು ಕಣೋ ಅದು. ಬೇಕು ಅಂದಿದ್ಯಲ್ಲ?"

"ಸೋಮವಾರದ ತನಕ ಎಷ್ಟು ಜನ ಬೀಳ್ತಾರೆ, ಇರಾಸಿ?"

"ನೀನು ಬೀಳ್ತೀಯ!"

ಅವನು ಪ್ಯಾಚ್ ಓದಿದ. ಹಿಂದುಮುಂದಿನ ಹಾಳೆ ಓದಿದ. ಮುರೀಲೊ ಎದ್ದು ಕಾಫಿ ಯಂತ್ರದ ಗುಂಡಿ ಒತ್ತಿದ, ಯಾರೋ ಹುಡುಗ ನಕ್ಕ. ಲೋಟ ತುಂಬಿ, ಮುರೀಲೊ ಕುಡಿದು ಮುಗಿಸಿ, ಕಸದ ಬುಟ್ಟಿಗೆ ಎಸೆದ ಮೇಲೂ ಇವನು ಓದುತ್ತಿದ್ದ. ಆಮೇಲೆ ಟೈಪ್ ಮಾಡಿದ: 'ಓದಿದ್ದೇನೆ, ಸರಿಯಿದೆ. ಲಾದಿಸ್ಲಾವ್ ಕುಚೇರ.'

ಮೊಸರು ತಿಂದದ್ದು ನಾನೇ ಎಂದು ಮೇಕೆಯೇ ಬರೆದುಕೊಟ್ಟ ಹಾಗಾಯಿತು. ಆ ಸಂಜೆಯೊಳಗೆ ಸರಿಪಡಿಸಿದ ಕರ್ನೆಲ್ ಹೊರಬಂತು, ಫೈಲು ಕಳೆದುಕೊಳ್ಳುವವರ ಮೇಲ್‌ಗಳು ನಿಂತವು. ಆ ವಿದ್ಯಾರ್ಥಿನಿ ಮುರೀಲೊನಿಗೆ ಧನ್ಯವಾದ ಬರೆದಳು.

ಮುಂದಿನ ವಾರ ಒಸ್ನಿ ಲಾದಿಸ್ಲಾವ್‌ನನ್ನು ಕರೆಸಿದ. ಕರೆಯದಿದ್ದರೂ ನಾನು ಹೋದೆ, ಹಳೆಯ ಮೇಲ್ ತೆರೆದಿಟ್ಟ ಲ್ಯಾಪ್‌ಟಾಪ್ ಹಿಡಿದುಕೊಂಡು. ಲಾದಿಸ್ಲಾವ್ ಸಾಲು ಹಾಕಿದ್ದು, ಮುರೀಲೊ ತೆಗೆಯಿರಿ ಎಂದದ್ದು ಎಲ್ಲ ಅಲ್ಲೇ ಇತ್ತು, ಲೋಕದ ಯಾರು ಬೇಕಾದರೂ ಓದುವ ಹಾಗೆ.

"ನೋಡಿದೀನಿ, ದೋನಾ ಇರಾಸಿ," ಎಂದ ಒಸ್ನಿ, ಪರದೆಯ ಕಡೆ ಕಣ್ಣು ಹಾಯಿಸದೆ. "ಅವತ್ತೇ ನೋಡಿದ್ದೆ. ಪಾಲಕರಿಗೂ ಗೊತ್ತು. ಎಲ್ರಿಗೂ ಗೊತ್ತು."

"ಮತ್ತೆ?"

"ಗಿರಾಕಿ ಹಳೇ ಮೇಲ್ ಓದಲ್ಲ. ತಪ್ಪು ಯಾರ ಪ್ಯಾಚ್‌ದು, ಸರಿ ಅಂತ ಒಪ್ಪಿದ್ದು ಯಾರು, ಎರಡು ಸಾಲು ಓದ್ತಾರೆ. ಎರಡರಲ್ಲೂ ಒಂದೇ ಹೆಸರಿದೆ. ಲಾದಿಸ್ಲಾವ್, ನೀವೇ ಸಹಿ ಹಾಕಿದೀರಲ್ಲ. ನಾನೇನ್ ಮಾಡ್ಲಿ ಹೇಳಿ?"

"ಮನುಷ್ಯ ಆಗು!" ಎಂದು ಕಿರುಚಿದೆ. "ಒಂದು ದಿನದ ಮಟ್ಟಿಗಾದ್ರೂ ಆಗು!"

ಲಾದಿಸ್ಲಾವ್ ಒಸ್ನಿಯ ಕೈ ಕುಲುಕಿ ಹೊರಗೆ ಬಂದ. ಬೆಂಚಿನ ಭಾಗಕ್ಕೆ ಪಾಲಕನಾಗಿ ಮುರೀಲೊ ಬಿಟ್ಟೆನ್‌ಕೋರ್ಟ್ ಎಂದು ಕರ್ನೆಲ್‌ನಲ್ಲಿ ಬರೆದರು. ಲಾದಿಸ್ಲಾವ್ ತನ್ನ ಮೇಜಿನ ಸಾಮಾನು ಒಂದು ಚೀಲಕ್ಕೆ ತುಂಬುವಾಗ ಹೊಸ ಪಾಲಕ ಹತ್ತಿರ ಬಂದು, ಮಡಚುವ ಭಾಗದಲ್ಲಿ ಒಂದೆರಡು ಕಡೆ ತನಗೆ ಅರ್ಥವಾಗುತ್ತಿಲ್ಲ, ಹೋಗುವ ಮುನ್ನ ಹೇಳಿಕೊಡುತ್ತೀರಾ ಎಂದ. ಇವನು ಚೀಲ ಕೆಳಗಿಟ್ಟು ಕೂತು ಹೇಳಿಕೊಟ್ಟ.

ನಾನೂ ಆ ತಿಂಗಳೇ ಬಿಟ್ಟೆ. ಬಸ್ಸಿನ ಟಿಕೆಟ್ ಯಂತ್ರ ಮಾಡುವ ಇನ್ನೊಂದು ಕಡೆ ಪರೀಕ್ಷೆಯ ಕೆಲಸ ಸಿಕ್ಕಿತು. ಅಲ್ಲಿ ಕರ್ನೆಲ್ ಬಲ್ಲವರು ಬೇಕಾಗಿದ್ದರು. ಕಾಡಿ ಬೇಡಿ ಲಾದಿಸ್ಲಾವ್‌ನನ್ನು ಸಂದರ್ಶನಕ್ಕೆ ಕರೆಸಿದೆ, ನಾನೂ ಒಳಗೆ ಕೂತೆ. ಅವನಿಗೆ ಕೆಲಸವಿಲ್ಲದೆ ಅರ್ಧ ವರ್ಷವಾಗಿತ್ತು. ಹೆಲೆನಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕೇಳುತ್ತಿದ್ದವಳು ಜಾನೈನಾ ಎಂಬ ಹುಡುಗಿ, ಒಳ್ಳೆಯವಳು, ಮರ್ಯಾದೆಯವಳು. ಎಲ್ಲ ಚೆನ್ನಾಗಿಯೇ ನಡೆಯಿತು. ಕೊನೆಗೆ ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನ ಹೆಸರು ಹಾಕಿ ಹುಡುಕಿದರೆ ಮೊದಲು ಬರುವುದೇ ಆ ತಿದ್ದುಪಡಿ, ದೋಷದ ಮೂಲವೆಂದು ಅವನ ಪ್ಯಾಚನ್ನು ತೋರಿಸುವ ಸಾಲಿನೊಡನೆ.

"ಬೇಜಾರು ಮಾಡ್ಕೋಬೇಡಿ, ಕೇಳ್ಲೇಬೇಕು," ಎಂದಳು. "ಜನರ ಫೈಲ್ ಹೋಗಿದ್ದು... ಇದು ನಿಮ್ಮ ಪ್ಯಾಚಾ?"

"ನನ್ನದೇ."

"ಕೆಳಗಿನ ಸಹಿ?"

ಅವನು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಪೂರ್ತಿ ಓದಿದ. ಜಾನೈನಾ ಒಮ್ಮೆ ಗಡಿಯಾರ ನೋಡಿದಳು. ಮೇಜಿನ ಕೆಳಗೆ ನಾನು ಅವನ ಕಾಲು ಒದೆಯುತ್ತಿದ್ದೆ. ಹೇಳೋ! ಹೇಳೋ, ಬಾಯಿಬಿಟ್ಟು ಹೇಳೋ!

"ಸಹಿಯೂ ನನ್ನದೇ. ಓದಿ ಹಾಕಿದ್ದು," ಎಂದ.

ನಾನು ಬಾಯಿ ತೆರೆದೆ. ಅವನು ಬೇಡವೆಂದು ನನ್ನ ಕೈ ಮೇಲೆ ಕೈಯಿಟ್ಟ. ಜಾನೈನಾ ಮೃದುವಾಗಿ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು, ತಿಳಿಸುತ್ತೇವೆ ಎಂದಳು.

ಲಿಫ್ಟಿನ ಮುಂದೆ ನಾನು ಅವನ ಮೇಲೆ ಮುಗಿಬಿದ್ದೆ. ಕತ್ತೆ ಎಂದೆ, ಶುಂಠ ಎಂದೆ, ಹೆಲೆನಾಳ ಔಷಧಿಗೆ ಏನು ಮಾಡುತ್ತೀಯ ಎಂದೆ. ಒಂದು ಮಾತು, ಆ ಸಹಿ ಅನಿವಾರ್ಯಕ್ಕೆ ಹಾಕಿದ್ದು ಎಂದು ಒಂದೇ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ನಿನಗೆ?

ಅವನು ನನ್ನ ಬೈಗುಳ ಮುಗಿಯುವವರೆಗೆ ಕಾದ. "ಆ ಒಂದು ಸಹಿ ಲೆಕ್ಕಕ್ಕಿಲ್ಲ ಅಂದ್ರೆ, ಇರಾಸಿ," ಎಂದ, ಎಂದಿನ ಹಾಗೆ ನಿಧಾನವಾಗಿ, "ಇಷ್ಟು ವರ್ಷ ಹಾಕಿದ ಉಳಿದ ಸಹಿಗಳನ್ನ ಯಾರು ನಂಬ್ತಾರೆ?"

"ಉಳಿದದ್ದನ್ನ ಯಾರು ಕೇಳ್ತಿದಾರೋ!" ಎಂದುಬಿಟ್ಟೆ. "ಒಬ್ರು? ಒಬ್ರಾದ್ರೂ ಕೇಳಿದಾರಾ?"

ಅವನ ಮುಖ ನೋಡಿದ ಮೇಲೆ ನನ್ನ ನಾಲಗೆಯನ್ನು ಕಿತ್ತುಹಾಕಬೇಕೆನ್ನಿಸಿತು. ಪೊರಕೆ ಇಟ್ಟಾಗಲೂ ಆ ಮುಖ ಹಾಗಾಗಿರಲಿಲ್ಲ. ಅವನು ಉತ್ತರ ಶುರು ಮಾಡಿದ, ಎರಡು ಪದ ಬಂದವು, ಆಮೇಲೆ ನಿಲ್ಲಿಸಿದ. ನಾನು ಬಲ್ಲ ಮಟ್ಟಿಗೆ ಅವನು ಮುಗಿಸದೆ ಬಿಟ್ಟ ವಾಕ್ಯ ಅದೊಂದೇ. ಲಿಫ್ಟು ಬಂತು. ಅವನು ಒಳಗೆ ಹೋಗಿ ಗುಂಡಿ ಒತ್ತಿದ.